ಬ್ಯಾಟರಿ ತೆಗೆದಿದ್ದೇವೆ ಅಂತ ನೇಲ್ ಗನ್ ಬಿಚ್ಚಬೇಡಿ

ಸೋಮವಾರಪೇಟೆ ಕಡೆ ಒಂದು ಹೋಂಸ್ಟೇಯಲ್ಲಿ ಸಿಲ್ವರ್ ಓಕ್ ಹಲಗೆಯ ಸೀಲಿಂಗ್ ಹೊಡೆಯುವಾಗ 16 ಗೇಜಿನ ಬ್ಯಾಟರಿ ನೇಲ್ ಗನ್ನಿನ ಡ್ರೈವರ್ ಬ್ಲೇಡ್ ತುದಿ ಮುರಿಯಿತು. ಮೊಳೆಯ ತಲೆಗೆ ಬಡಿದು ಒಳಗೆ ತಳ್ಳುವ ಉಕ್ಕಿನ ಪಟ್ಟಿಯೇ ಡ್ರೈವರ್ ಬ್ಲೇಡ್; ಗೇಜ್ ಅಂದರೆ ಮೊಳೆಯ ದಪ್ಪದ ಅಳತೆ. ಹಲಗೆಯ ಹಿಂದೆ ಇದ್ದದ್ದು ಹಳೆಯ ಹಲಸಿನ ರೀಪು. ಅದರ ಗಂಟಿಗೆ ತಗುಲಿದ 64 ಮಿ.ಮೀ. ಮೊಳೆ ಮಡಚಿ ಗನ್ನಿನ ಮೂತಿಯಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯದೆ ಇನ್ನೆರಡು ಸಲ ಟ್ರಿಗರ್ ಒತ್ತಿದ್ದಕ್ಕೆ ಬ್ಲೇಡ್ ಹೋಯಿತು.

ಇಷ್ಟಾದರೆ ಬಿಡಿಭಾಗದ ಖರ್ಚಿನಲ್ಲಿ ಮುಗಿಯುತ್ತಿತ್ತು. ರಿಪೇರಿಗೆ ಕೂತವರು ಬ್ಯಾಟರಿ ತೆಗೆದರು, ಮೊಳೆಪಟ್ಟಿ ತೆಗೆದರು, ಗೇರ್ ಬಾಕ್ಸಿನ ಸ್ಕ್ರೂಗಳನ್ನು ಬಿಚ್ಚಿದರು. ಒಳಗಿನ ಚಕ್ರ ಬ್ಲೇಡಿನ ಹಲ್ಲಿನಿಂದ ಜಾರಿದ್ದೇ ತಡ, ಮುರಿದ ಬ್ಲೇಡ್ ಮೂತಿಯಿಂದ ನುಗ್ಗಿ ಬಂದು ಹೆಬ್ಬೆರಳಿನ ಬುಡ ಸೀಳಿತು.

ಕಾರಣ ಇಷ್ಟೇ. ಅದು ಏರ್ ಸ್ಪ್ರಿಂಗ್ ಮಾದರಿಯ ಗನ್. ಮೊಳೆ ಹೊಡೆಯುವ ಬಲ ಬ್ಯಾಟರಿಯಿಂದ ನೇರವಾಗಿ ಬರುವುದಿಲ್ಲ, ಸಿಲಿಂಡರಿನಲ್ಲಿ ಸದಾ ತುಂಬಿಟ್ಟಿರುವ ಗಾಳಿ ಅಥವಾ ನೈಟ್ರೋಜನ್ ಒತ್ತಡದಿಂದ ಬರುತ್ತದೆ. ಮೋಟಾರಿನ ಕೆಲಸ ಬ್ಲೇಡನ್ನು ಹಲ್ಲು ಹಿಡಿದು ಮೇಲೆತ್ತಿ ನಿಲ್ಲಿಸುವುದು ಮಾತ್ರ. ಆ ಚಕ್ರ ಸರಿಸಿದರೆ ಹಿಡಿದಿಡುವವರು ಯಾರೂ ಇಲ್ಲ. ಬ್ಯಾಟರಿ ಮನೆಯಲ್ಲಿ ಬಿಟ್ಟು ಬಂದಿದ್ದರೂ ಅದೇ ಪೆಟ್ಟು ಬೀಳುತ್ತದೆ. ಮೊಳೆ ಸಿಕ್ಕಿಕೊಂಡು ಬ್ಲೇಡ್ ಅರ್ಧದಲ್ಲಿ ನಿಂತಿದ್ದರೂ ಹಾಗೆಯೇ: ಇಕ್ಕಳದಲ್ಲಿ ಮೊಳೆ ಎಳೆದ ಕ್ಷಣ ಉಳಿದ ದೂರವನ್ನು ಅದು ಹಾರಿ ಮುಗಿಸುತ್ತದೆ.

ಬಿಚ್ಚುವ ಮೊದಲು ನಿಮ್ಮದು ಯಾವ ಮಾದರಿ ಅಂತ ತಿಳಿಯಿರಿ. ಹೊಡೆಯುವ ಮುಂಚೆ ಗುಂಯ್ ಎಂದು ವೇಗ ಹಿಡಿಯುವ ಸದ್ದು ಬಂದರೆ ಅದು ಫ್ಲೈವೀಲ್, ಅಂದರೆ ವೇಗವಾಗಿ ತಿರುಗುವ ಭಾರದ ಚಕ್ರದಿಂದ ಬ್ಲೇಡನ್ನು ಓಡಿಸುವ ಮಾದರಿ. ಒತ್ತಿದ ಕೂಡಲೇ ಹೊಡೆದು, ಆಮೇಲೆ ಮೋಟಾರ್ ಒಂದು ಚಣ ತಿರುಗಿದರೆ ಏರ್ ಸ್ಪ್ರಿಂಗ್ ಎಂದುಕೊಳ್ಳಿ, ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ. ಏರ್ ಸ್ಪ್ರಿಂಗ್ ಆದರೆ ಕನ್ನಡಕ ಹಾಕಿ, ಮೂತಿಯನ್ನು ದಪ್ಪ ಹಲಗೆಯ ಕಡೆ ತಿರುಗಿಸಿ, ಕೈಪಿಡಿಯಲ್ಲಿ ಹೇಳಿದ ವಾಲ್ವಿನಿಂದ ಒತ್ತಡ ಪೂರ್ತಿ ಬಿಡಬೇಕು. ವಾಲ್ವ್ ಸಿಗದಿದ್ದರೆ, ಅಥವಾ ಒತ್ತಡ ಮತ್ತೆ ತುಂಬುವ ಸಲಕರಣೆ ಇಲ್ಲದಿದ್ದರೆ, ಗನ್ನನ್ನು ಹಾಗೆಯೇ ಕಂಪನಿಯ ಸರ್ವಿಸ್ ಸೆಂಟರಿಗೆ ಕಳುಹಿಸಿ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಬರಲು ವಾರವಾದರೂ ಆಗಲಿ. ಪಂಕ್ಚರ್ ಅಂಗಡಿಯ ಗಾಳಿ ತುಂಬಿಸಲೇಬೇಡಿ. ನಮ್ಮ ಮಳೆಗಾಲದಲ್ಲಿ ಆ ಗಾಳಿಯ ಜೊತೆ ನೀರೂ ಹೋಗುತ್ತದೆ, ಒತ್ತಡದ ಅಳತೆಯೂ ಸಿಗುವುದಿಲ್ಲ.

ಮುರಿದ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವ ಅಭ್ಯಾಸ ಇಲ್ಲಿ ಜಾಸ್ತಿ. ಬ್ಲೇಡ್ ಹದಗೊಳಿಸಿದ ಉಕ್ಕು, ವೆಲ್ಡಿಂಗ್ ಬಿಸಿಗೆ ಆ ಹದ ಕೆಡುತ್ತದೆ. ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಚೂರು ಎತ್ತ ಹಾರುತ್ತದೋ ಗೊತ್ತಾಗದು. ತುದಿ ಉಜ್ಜಿ ಸರಿಮಾಡಿದರೆ ಬ್ಲೇಡ್ ಗಿಡ್ಡವಾಗಿ, 1 ಮಿ.ಮೀ. ಕಡಿಮೆಯಾದರೆ ಮೊಳೆಯ ತಲೆ ಅಷ್ಟೇ ಮೇಲೆ ಉಳಿಯುತ್ತದೆ. ಮಾಡೆಲ್ ನಂಬರ್ ಕೊಟ್ಟು ಹೊಸದನ್ನೇ ತರಿಸಿ. 18 ಗೇಜಿನದು 16ಕ್ಕೆ ಆಗದು. ಹೇಗೂ ಬಿಚ್ಚಿದಾಗ ರಬ್ಬರ್ ಬಂಪರ್ (ಬ್ಲೇಡಿನ ಪೆಟ್ಟು ತಾಳುವ ತುಂಡು), ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಎರಡನ್ನೂ ಬದಲಿಸುವುದು ಒಳ್ಳೆಯದು.

ಫ್ಲೈವೀಲ್ ಗನ್ನಿನವರಿಗೆ ಬೇರೆ ಮಾತು: ಚಕ್ರ ನಿಲ್ಲುವವರೆಗೆ ಕಾದು, ಬ್ಯಾಟರಿ ತೆಗೆದು ಬಿಚ್ಚಿ. ತುಕ್ಕು ಹಿಡಿಯುತ್ತದೆಂದು ಜೂನ್ ಬಂದ ಕೂಡಲೇ ಬ್ಲೇಡಿಗೆ ಎಣ್ಣೆ ಸವರುವವರಿದ್ದಾರೆ. ಚಕ್ರ ಬ್ಲೇಡನ್ನು ಓಡಿಸುವುದು ಉಜ್ಜಾಟದಿಂದಲೇ. ಅಲ್ಲಿ ಎಣ್ಣೆ ಬಿದ್ದರೆ ಜಾರಿ ಮೊಳೆ ಅರ್ಧಕ್ಕೇ ನಿಲ್ಲುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ.

ಹೊಸ ಬ್ಲೇಡ್ ಹಾಕಿದ ಮೇಲೆ ಸಿಲ್ವರ್ ಓಕ್ ತುಂಡಿಗೆ ಚಿಕ್ಕ ಮೊಳೆಯಿಂದ ಹತ್ತು ಸಲ ಹೊಡೆದು ಎಲ್ಲ ತಲೆಯೂ ಒಂದೇ ಆಳಕ್ಕೆ ಕೂತಿವೆಯೇ ನೋಡಿ. ಹಲಸು, ಹೊನ್ನೆ, ಬೀಟೆಗೆ ಮಾತ್ರ ಮೊದಲು ಡ್ರಿಲ್ಲಿನಲ್ಲಿ ತೂತು ಮಾಡಿ ಕೈಯಲ್ಲೇ ಸುತ್ತಿಗೆ ಹಿಡಿಯಿರಿ.