ನೆಕ್ ಬಿಚ್ಚಿ ನೋಡದೆ ಹಳೆಯ ಸ್ಯಾಕ್ಸೋಫೋನ್ ಕೊಳ್ಳಬೇಡಿ

ದೀಪಾವಳಿ ಕಳೆದು ಜಾತ್ರೆ, ದೈವಗಳ ನೇಮಗಳು ಶುರುವಾಗುವ ಮುನ್ನ ಹಳೆಯ ಸ್ಯಾಕ್ಸೋಫೋನ್ ಹುಡುಕುತ್ತಿರುವವರು ಇದನ್ನು ಓದಿಕೊಂಡು ಅಂಗಡಿಗೆ ಹೋಗಿ.

ನನ್ನ ತಮ್ಮ ದೇವಸ್ಥಾನದ ಉತ್ಸವಗಳಲ್ಲಿ, ಮದುವೆಗಳಲ್ಲಿ ನುಡಿಸುವವನು. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಈ ವಾದ್ಯಕ್ಕೆ ನಮ್ಮ ಕಡೆ ಇರುವ ಬೇಡಿಕೆ ನಿಮಗೆ ಗೊತ್ತೇ ಇದೆ. ಮಂಗಳೂರಿನ ಅಂಗಡಿಯೊಂದರಲ್ಲಿ ಅವನು ಹಳೆಯ ಆಲ್ಟೊ ಸ್ಯಾಕ್ಸೋಫೋನ್ ಕೊಂಡ. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ‘ಸರ್ವೀಸ್ ಆಗಿದೆ, ನಾಳೆಯೇ ನುಡಿಸಬಹುದು’ ಎಂದರು ಅಂಗಡಿಯವರು. ಸರ್ವೀಸ್ ಎಂದರೆ ಹೊರಗಿನ ಪಾಲಿಶ್ ಮಾತ್ರ ಎಂದು ತಿಳಿಯುವ ಹೊತ್ತಿಗೆ ಹುಡುಗ ಹೈರಾಣಾಗಿದ್ದ.

ಮೊದಲು ಒಣಕೆಮ್ಮು. ಹಗಲು ಕಾರ್ಯಕ್ರಮವಾದರೆ ರಾತ್ರಿ ಚಳಿ, ಜ್ವರ. ಬರಬರುತ್ತಾ ಮಹಡಿ ಹತ್ತಿದರೂ ಏದುಸಿರು. ಅಸ್ತಮಾ ಇರಬಹುದೆಂದು ಇನ್‌ಹೇಲರ್ ಕೊಟ್ಟರು, ಕ್ಷಯವಿರಬಹುದೆಂದು ಕಫ ಪರೀಕ್ಷಿಸಿದರು. ಬೀಡಿ ಸೇದುತ್ತೀರಾ, ಮನೆಯಲ್ಲಿ ಪಾರಿವಾಳ ಇದೆಯೇ ಎಂದೂ ಕೇಳಿದರು. ಏನು ಊದುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಸೂತಕ. ದಾಯಾದಿಗಳಲ್ಲಿ ಸಾವಾಗಿ ವಾದ್ಯ ಮುಟ್ಟದೆ ಕುಳಿತಾಗ ಕೆಮ್ಮು ತಾನಾಗಿಯೇ ಇಳಿಯಿತು. ಅದು ಕಳೆದು ಒಂದು ಮದುವೆಯಲ್ಲಿ ನುಡಿಸಿ ಬಂದ ರಾತ್ರಿಯೇ ಮತ್ತೆ ಜ್ವರ. ಇದನ್ನು ಕೇಳಿದ ಶ್ವಾಸಕೋಶ ತಜ್ಞರು ಸಿ.ಟಿ. ಸ್ಕ್ಯಾನ್ ಮಾಡಿಸಿ, ವಾದ್ಯವನ್ನೂ ತರಿಸಿಕೊಂಡರು. ನೆಕ್, ಅಂದರೆ ಮೌತ್‌ಪೀಸ್ ಸಿಕ್ಕಿಸುವ ಬಾಗಿದ ಕೊಳವೆ, ಬಿಚ್ಚಿ ಟಾರ್ಚ್ ಹಾಕಿದರೆ ಒಳಗೆ ಕಪ್ಪು ಹಸಿರು ಬೂಷ್ಟು! ತೂತುಗಳನ್ನು ಮುಚ್ಚುವ ಚರ್ಮದ ಪ್ಯಾಡುಗಳ ಅಡಿಯಲ್ಲಿಯೂ ಅದೇ.

ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಜಾತ್ರೆಗಳು ನಿಂತು ವಾದ್ಯ ಪೆಟ್ಟಿಗೆ ಸೇರುತ್ತದೆ. ಒಳಗೆ ಎಂಜಲಿನ ಪಸೆ, ಸುತ್ತ ಮಖಮಲ್ಲಿನ ಬಟ್ಟೆ, ಹೊರಗೆ ನಮ್ಮ ಕರಾವಳಿಯ ಮಳೆ. ಹಿಂದಿನ ಮಾಲೀಕರ ಮನೆಯಲ್ಲಿ ಅದು ಎಷ್ಟು ಮಳೆಗಾಲ ಹಾಗೆಯೇ ಬಿದ್ದಿತ್ತೋ.

ಕಾಯಿಲೆಯ ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಬೂಷ್ಟು ಶ್ವಾಸಕೋಶದಲ್ಲಿ ಬೆಳೆಯುವುದಲ್ಲ. ಉಸಿರಿನೊಡನೆ ಒಳಹೋದ ಕಣಗಳ ವಿರುದ್ಧ ದೇಹವೇ ಕೆರಳಿ ಉರಿಯೂತವಾಗುವುದು. ಊದುವ ವಾದ್ಯದಿಂದ ಒಳಕ್ಕೆ ಹೇಗೆ ಬರುತ್ತದೆ ಎನ್ನುವವರು, ವಾದಕರು ಮೌತ್‌ಪೀಸ್ ತುಟಿಯಲ್ಲಿಟ್ಟುಕೊಂಡೇ ಸರಕ್ಕನೆ ಉಸಿರೆಳೆಯುವುದನ್ನು ಗಮನಿಸಲಿ. ಅಪರೂಪದ ಕಾಯಿಲೆ, ನಿಜ. ಆದರೆ ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶ ಗಡುಸಾಗುತ್ತದೆ, ಆಮೇಲೆ ಅದು ಮೊದಲಿನಂತಾಗುವುದಿಲ್ಲ. ಬ್ರಿಟನ್ನಿನ ವೈದ್ಯರು 2016ರಲ್ಲಿ ಪ್ರಕಟಿಸಿದ ಪ್ರಕರಣವೊಂದರಲ್ಲಿ, ದಿನವೂ ಬ್ಯಾಗ್‌ಪೈಪ್ ನುಡಿಸುತ್ತಿದ್ದ 61 ವರ್ಷದ ವ್ಯಕ್ತಿ 2014ರಲ್ಲಿ ತೀರಿಕೊಂಡರು. 2011ರಲ್ಲಿ ಬ್ಯಾಗ್‌ಪೈಪ್ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾದಲ್ಲಿದ್ದಾಗ ಅವರಿಗೂ ಆರಾಮವಾಗಿತ್ತು! ಅಮೆರಿಕದ ಟ್ರೊಂಬೋನ್ ವಾದಕರೊಬ್ಬರು 15 ವರ್ಷ ಕೆಮ್ಮಿದ ಮೇಲೆ, ವಾದ್ಯವನ್ನು ಸರಿಯಾಗಿ ಶುಚಿಗೊಳಿಸತೊಡಗಿದಾಗ ಗುಣವಾದರು.

ಆದ್ದರಿಂದ ಕೊಳ್ಳುವಾಗ ನೆಕ್ ಬಿಚ್ಚಿ, ಬೆಳಕು ಹಾಕಿ, ಮೂಗಿಟ್ಟು ನೋಡಿ. ಮುಗ್ಗಲು ವಾಸನೆ ಬಂದರೆ ಎದ್ದು ಬನ್ನಿ. ಪೆಟ್ಟಿಗೆಯನ್ನೂ ಮೂಸಿ. ಹಳೆಯ ರೀಡನ್ನು, ಅಂದರೆ ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿಯನ್ನು, ಬಾಯಿಗಿಡಲೇಬೇಡಿ. ನುಡಿಸಿದ ಮೇಲೆ ದಾರ ಕಟ್ಟಿದ ಬಟ್ಟೆಯನ್ನು ಕೊಳವೆಯೊಳಗೆ ಎಳೆದು ಒರೆಸಿ, ರೀಡ್ ಬೇರೆಯಾಗಿ ಒಣಗಿಸಿ, ಮೌತ್‌ಪೀಸನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಿರಿ. ಬಿಸಿನೀರು ಎಬೊನೈಟಿಗೆ, ಅಂದರೆ ಮೌತ್‌ಪೀಸಿನ ಗಟ್ಟಿ ರಬ್ಬರಿಗೆ, ಆಗದು. ಚರ್ಮದ ಪ್ಯಾಡುಗಳಿಗೆ ನೀರು ತಾಗಿಸಲೇಬಾರದು, ಬೂಷ್ಟು ಹಿಡಿದಿದ್ದರೆ ಬದಲಾಯಿಸಬೇಕು. ಕೆಮ್ಮು ಬಿಡದಿದ್ದರೆ ನೀವು ಊದುವವರೆಂದು ವೈದ್ಯರಿಗೆ ಮೊದಲೇ ಹೇಳಿ.

ತಮ್ಮ ಈಗ ಚೇತರಿಸಿಕೊಂಡಿದ್ದಾನೆ, ಬೇರೆ ವಾದ್ಯ ನುಡಿಸುತ್ತಿದ್ದಾನೆ. ಅಂಗಡಿಗೆ ಹೋಗಿ ಜಗಳವಾಡಿದ್ದಕ್ಕೆ, ‘ಮಳೆಗಾಲದಲ್ಲಿ ಬೂಷ್ಟು ಎಲ್ಲಿ ಬರುವುದಿಲ್ಲ ಮಾರಾಯರೇ, ಒರೆಸಿದರಾಯಿತು’ ಎಂದು ಉತ್ತರ ಬಂತು. ಕೊನೆಗೆ ಅರ್ಧ ಬೆಲೆಗೆ ವಾಪಸು ತೆಗೆದುಕೊಂಡರು. ಮೊನ್ನೆ ಆ ಕಡೆ ಹೋದಾಗ ಅದೇ ಆಲ್ಟೊ ಮತ್ತೆ ಪಾಲಿಶ್ ಆಗಿ ಗಾಜಿನ ಕಪಾಟಿನಲ್ಲಿತ್ತು. ಬಾಯಿಯ ಅಂಚಿನ ಎಡಗಡೆ ಸಣ್ಣ ನೆಗ್ಗು ಇದೆ, ಕಂಡರೆ ಗುರುತು ಹಿಡಿಯಿರಿ.