ಒಂದೇ ಹಲ್ಲಿಗೆ ಎರಡು ಸಲ ಲೈಟ್ ಫಿಲ್ಲಿಂಗ್: ಹಾಸನದಲ್ಲಿ ನನಗಾದ ಅನುಭವ

ಐದು ತಿಂಗಳ ಅಂತರದಲ್ಲಿ ಒಂದೇ ದವಡೆ ಹಲ್ಲಿಗೆ ಎರಡು ಸಲ ಫಿಲ್ಲಿಂಗ್ ಮಾಡಿಸಿದ್ದೇನೆ. ಎರಡೂ ಹಾಸನದಲ್ಲೇ. ಎರಡೂ ನೀಲಿ ಲೈಟ್ ಹಿಡಿದು ಗಟ್ಟಿ ಮಾಡುವ ಬಿಳಿ ಫಿಲ್ಲಿಂಗ್. ಬಿಲ್ ನೋಡಿದರೆ ಎರಡೂ ಕಡೆ ಹಾಕಿದ್ದು ಒಂದೇ ಕಂಪನಿಯ ಮಾಲು. ಮೊದಲನೆಯದು ಕಿತ್ತು ಬಂತು. ಎರಡನೆಯದು ಹನ್ನೊಂದು ತಿಂಗಳಿಂದ ಅಲ್ಲಾಡದೆ ಕೂತಿದೆ. ಮಾಲು ಒಂದೇ ಆದಮೇಲೆ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕ್ಲಿನಿಕ್‌ಗಳ ಹೆಸರು ಹಾಕುತ್ತಿಲ್ಲ. ಹೆಸರಿಗಿಂತ ಕೆಲಸ ಹೇಗೆ ನಡೆಯಬೇಕು ಅಂತ ಗೊತ್ತಿದ್ದರೆ ನಿಮಗೆ ಜಾಸ್ತಿ ಉಪಯೋಗ.

ಮೊದಲ ಕ್ಲಿನಿಕ್‌ನಲ್ಲಿ ಎಲ್ಲ ಸೇರಿ ಹತ್ತು ನಿಮಿಷ. ಹುಳುಕು ಕೊರೆದರು, ನೀರು ಹೊಡೆದರು, ಪೇಸ್ಟನ್ನು ಒಂದೇ ಉಂಡೆಯಾಗಿ ತುಂಬಿದರು. ಆಮೇಲೆ ಲೈಟ್. ಅದನ್ನು ಹಿಡಿದಿದ್ದ ಹುಡುಗ ಬಾಗಿಲ ಕಡೆ ತಿರುಗಿ ಯಾರ ಜೊತೆಗೋ ಮಾತಾಡುತ್ತಿದ್ದ, ಲೈಟಿನ ತುದಿ ಹಲ್ಲಿನಿಂದ ಒಂದು ಬೆರಳಷ್ಟು ದೂರ ಇತ್ತು, ನನ್ನ ಬಾಯಲ್ಲಿ ಎಂಜಲು ತುಂಬಿಕೊಂಡಿತ್ತು. ಒಂದು ಸಲ ಬೀಪ್ ಅಂತು, ಮುಗಿಯಿತು. 900 ರೂಪಾಯಿ ಕೊಟ್ಟು ಬಂದೆ. ಬೇಗ ಆಯಿತಲ್ಲ ಅಂತ ಆಗ ಖುಷಿಯೇ ಆಗಿತ್ತು.

ಹಾಸನಾಂಬೆ ಬಾಗಿಲು ತೆಗೆದ ವಾರ ಮನೆ ತುಂಬ ನೆಂಟರು. ಚಕ್ಕುಲಿ ಕಚ್ಚಿದೆ, ಏನೋ ಕಟ್ ಅಂತು. ಚಕ್ಕುಲಿ ಚೂರು ಅಂದುಕೊಂಡು ಉಗುಳಿದರೆ ಕೈಯಲ್ಲಿ ಫಿಲ್ಲಿಂಗಿನ ತುಂಡು. ಮೇಲ್ಭಾಗ ಹೊಳೆಯುತ್ತಿತ್ತು, ಕೆಳಭಾಗ ಕಂದು ಬಣ್ಣಕ್ಕೆ ತಿರುಗಿತ್ತು, ಉಗುರಿನಿಂದ ಕೆರೆದರೆ ಪುಡಿ ಬರುತ್ತಿತ್ತು. ಅಮ್ಮ ನೋಡಿ, "ನನ್ನ ಬೆಳ್ಳಿ ಫಿಲ್ಲಿಂಗ್ ಇಪ್ಪತ್ತು ವರ್ಷದಿಂದ ಹಾಗೇ ಇದೆ, ನಿಮ್ಮದೆಲ್ಲ ಬರೀ ಶೋಕಿ" ಅಂದರು. ಆಗ ನನಗೂ ಹಾಗೇ ಅನಿಸಿತು.

ಎರಡನೆಯ ಕ್ಲಿನಿಕ್ ಬಿ.ಎಂ. ರಸ್ತೆಯ ಒಂದು ಅಡ್ಡರಸ್ತೆಯಲ್ಲಿದೆ. ಒಂದೇ ಕುರ್ಚಿ, ಒಬ್ಬರೇ ಡಾಕ್ಟರ್. ತುಂಡನ್ನು ಪೇಪರಲ್ಲಿ ಸುತ್ತಿಕೊಂಡು ಹೋಗಿದ್ದೆ. ಮೇಡಂ ಅದನ್ನು ಚೂಪು ಕಡ್ಡಿಯಿಂದ ಎರಡೂ ಕಡೆ ಗೀರಿ ನೋಡಿದರು. "ಅಲ್ಲಿ ಏನಾಯಿತೋ ನಾನು ನೋಡಿಲ್ಲ, ಅವರನ್ನು ಬೈಯಲ್ಲ. ಆದರೆ ಇದರ ಕೆಳಗಡೆ ಸರಿಯಾಗಿ ಗಟ್ಟಿಯಾಗಿಲ್ಲ" ಅಂದರು. ಯಾಕೆ ಮೇಡಂ ಅಂತ ಕೇಳಿದೆ. ಹೇಳೋ ಬದಲು ತೋರಿಸಿಯೇ ಬಿಟ್ಟರು. ನಾನು ಈ ಕ್ಲಿನಿಕ್ಕನ್ನು ಇಷ್ಟಪಡೋದಕ್ಕೆ ಕಾರಣ ಆ ಐದು ನಿಮಿಷ.

ಜ್ಯೂಸ್ ಕುಡಿಯುವ ಸ್ಟ್ರಾನ ಒಂದು ಚೂರು ಕತ್ತರಿಸಿದರು, 6 ಮಿಲಿಮೀಟರ್ ಇರಬಹುದು. ಅದಕ್ಕೆ ಪೇಸ್ಟ್ ತುಂಬಿ ಮೇಲಿಂದ 20 ಸೆಕೆಂಡ್ ಲೈಟ್ ಕೊಟ್ಟರು. ಸ್ಟ್ರಾ ಸೀಳಿ ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು. ಮೇಲ್ಗಡೆ ಕಡ್ಡಿ ಜಾರಿತು, ಟಕ್ ಟಕ್ ಅಂತ ಶಬ್ದ. ತಿರುಗಿಸಿ ಕೆಳಗಡೆ ಚುಚ್ಚಿದರೆ ಕಡ್ಡಿ ಒಳಗೇ ಇಳಿಯಿತು. ದೊಡ್ಡ ಉರಿಯಲ್ಲಿ ಕರಿದ ಉದ್ದಿನವಡೆ ಹೊರಗೆ ಕೆಂಪಗಾಗಿ ಒಳಗೆ ಹಸಿ ಹಿಟ್ಟು ಇರುತ್ತಲ್ಲ, ಹಾಗೆ. ಮೆತ್ತಗಿದ್ದುದನ್ನೆಲ್ಲ ಕೆರೆದು ತೆಗೆದಮೇಲೆ 4 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಉಳಿಯಿತು. "ಇದರಲ್ಲೂ ಅರ್ಧವನ್ನು ಮಾತ್ರ ನಂಬಬೇಕು. ಕೆಳಗಿನರ್ಧ ಗಟ್ಟಿ ಅನಿಸಿದರೂ ಪೂರ್ತಿ ಗಟ್ಟಿಯಾಗಿರಲ್ಲ" ಅಂದರು. ಅದಕ್ಕೇ 2 ಮಿಲಿಮೀಟರ್ ಲೆಕ್ಕವಂತೆ. ಒಂದು ಪದರ ಅಷ್ಟೇ ದಪ್ಪ, ಅದಕ್ಕೆ ಲೈಟ್, ಆಮೇಲೆ ಇನ್ನೊಂದು ಪದರ. 4 ಮಿಲಿಮೀಟರ್ ಒಟ್ಟಿಗೆ ತುಂಬಬಹುದಾದ ಬಲ್ಕ್ ಫಿಲ್ ಅನ್ನೋ ಮಾಲೂ ಬಂದಿದೆ, ಆದರೆ ನನ್ನ ಹಳೇ ಬಿಲ್ಲಿನಲ್ಲಿದ್ದದ್ದು ಅದಲ್ಲ.

ಈ ಪೇಸ್ಟಿನಲ್ಲಿ ತೂಕದ ಲೆಕ್ಕಕ್ಕೆ ಮುಕ್ಕಾಲು ಪಾಲು ಗಾಜಿನ ನುಣ್ಣನೆಯ ಪುಡಿ ಇರುತ್ತೆ, ಉಳಿದದ್ದು ಅದನ್ನು ಹಿಡಿದಿಡುವ ರೆಸಿನ್. ಜೊತೆಗೆ ಕ್ಯಾಂಫರ್‌ಕ್ವಿನೋನ್ ಅನ್ನೋ ಹಳದಿ ಪದಾರ್ಥ ಚೂರೇ ಚೂರು. 470 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ದಾಗ ಅದು ಕೆಲಸ ಶುರು ಮಾಡುತ್ತೆ, ರೆಸಿನ್ ಹೆಣೆದುಕೊಂಡು ಗಟ್ಟಿಯಾಗುತ್ತೆ. ಬೆಳಕು ತಲುಪದ ಕಡೆ ಹೆಣಿಗೆಯೂ ಇಲ್ಲ. ಅಮ್ಮನ ಬೆಳ್ಳಿ ಫಿಲ್ಲಿಂಗ್‌ಗೆ ಈ ತೊಂದರೆ ಇಲ್ಲ, ಅದು ಬೆಳಕಿಲ್ಲದೆ ತಾನೇ ಗಟ್ಟಿಯಾಗುತ್ತೆ, ಪೂರ್ತಿ ಬಲ ಬರೋಕೆ ಒಂದು ದಿನ ಬೇಕು ಅಷ್ಟೇ. ಹಾಗಂತ ಬಿಳಿಯದು ಶೋಕಿ ಅಲ್ಲ. ಹಲ್ಲಿಗೆ ಅಂಟಿಕೊಳ್ಳುತ್ತೆ, ಹಾಗಾಗಿ ಒಳ್ಳೆ ಹಲ್ಲನ್ನು ಜಾಸ್ತಿ ಕೊರೆಯಬೇಕಾಗಿಲ್ಲ. ಆದರೆ ಮಾಡುವವರಿಗೆ ತಾಳ್ಮೆ ಬೇಕು.

ನನ್ನ ಹಲ್ಲಿಗೆ ಸರಿಯಾಗಿ 50 ನಿಮಿಷ ಹಿಡಿಯಿತು. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಅನ್ನೋ ಹಾಳೆ ಕಟ್ಟಿದರು, ಆ ಹಲ್ಲೊಂದು ಬಿಟ್ಟು ಬಾಯೆಲ್ಲ ಆಚೆ. ಎಂಜಲು ತಾಗಿದರೆ ಅಂಟು ಹಿಡಿಯಲ್ಲವಂತೆ. ಆಸಿಡ್ ಜೆಲ್ ಹಚ್ಚಿ ತೊಳೆದರು, ಅಂಟು ಹಚ್ಚಿದರು, ಅದಕ್ಕೊಂದು ಸಲ ಲೈಟ್. ಪೇಸ್ಟ್ ಹಾಕೋ ಮುಂಚೆ ತಲೆ ಮೇಲಿನ ದೊಡ್ಡ ದೀಪವನ್ನು ಪಕ್ಕಕ್ಕೆ ತಿರುಗಿಸಿದರು, ಅದರ ಬೆಳಕಿಗೂ ಪೇಸ್ಟ್ ಬಿಗಿಯೋಕೆ ಶುರುವಾಗುತ್ತಂತೆ. ಲೈಟಿನ ತುದಿಗೆ ಹಳೇ ಪೇಸ್ಟ್ ಏನಾದರೂ ಅಂಟಿದೆಯಾ ನೋಡಿದರು. ಬೆಳಕಿನ ಬಲ ಅಳೆಯುವ ಅಂಗೈಯಷ್ಟು ಮೀಟರಿನ ಮೇಲಿಟ್ಟು ಒತ್ತಿದರು, ಚದರ ಸೆಂಟಿಮೀಟರಿಗೆ 1,100 ಮಿಲಿವ್ಯಾಟ್ ಚಿಲ್ರೆ ತೋರಿಸಿತು. ತುದಿ ಗಲೀಜಾದರೂ, ಹಲ್ಲಿನಿಂದ ದೂರ ಹೋದರೂ ಒಳಗೆ ಇಳಿಯೋ ಬೆಳಕು ಕಡಿಮೆಯಾಗುತ್ತೆ. ಕಣ್ಣಿಗೆ ನೀಲಿ ಕಾಣುತ್ತಲ್ಲ, ಸರಿ ಇದೆ ಅಂದುಕೊಳ್ಳೋದು ತಪ್ಪು.

ನಾನು ಬೀಪ್ ಎಣಿಸಿದೆ. ಹತ್ತು ಸೆಕೆಂಡಿಗೊಂದು ಬೀಪ್. ಮೂರು ಪದರ, ಒಂದೊಂದಕ್ಕೂ ಎರಡೆರಡು. ಕೊನೆಗೆ ಎರಡು ಪಕ್ಕದಿಂದ ಮತ್ತೆ ಕೊಟ್ಟರು. ಅಷ್ಟೂ ಹೊತ್ತು ಮೇಡಂ ಲೈಟನ್ನು ಹಲ್ಲಿಗೆ ತಾಗುವಷ್ಟು ಹತ್ತಿರ ನೇರವಾಗಿ ಹಿಡಿದಿದ್ದರು, ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು ಹಲ್ಲನ್ನೇ ನೋಡುತ್ತಿದ್ದರು. ನನಗೂ ಒಂದು ಕನ್ನಡಕ ಕೊಟ್ಟಿದ್ದರು. ಇದು ಅಲ್ಟ್ರಾವೈಲೆಟ್ ಅಲ್ವಾ ಅಂತ ಕೇಳಿದ್ದಕ್ಕೆ, 1970ರ ದಶಕದ ಯಂತ್ರಗಳು ಹಾಗಿದ್ದವು, ಈಗಿನದು ಬರೀ ನೀಲಿ ಬೆಳಕು, ಆದರೂ ನೆಟ್ಟ ಕಣ್ಣಲ್ಲಿ ನೋಡಬಾರದು ಅಂದರು.

ಪದರ ಪದರವಾಗಿ ಹಾಕೋಕೆ ಇನ್ನೊಂದು ಕಾರಣವೂ ಇದೆ. ಗಟ್ಟಿಯಾಗುವಾಗ ಈ ಪೇಸ್ಟ್ ನೂರಕ್ಕೆ 2-3 ಭಾಗ ಕುಗ್ಗುತ್ತೆ. ದೊಡ್ಡ ಉಂಡೆ ಒಟ್ಟಿಗೆ ಕುಗ್ಗಿದರೆ ಹಲ್ಲಿನ ಗೋಡೆಯಿಂದ ಬಿಟ್ಟುಕೊಂಡು ಸಂದಿಯಾಗುತ್ತೆ, ಅಲ್ಲಿಂದ ಎಂಜಲು ಇಳಿಯುತ್ತೆ. ನನ್ನ ಹಳೇ ತುಂಡಿನ ಕಂದು ಬಣ್ಣ ನೆನಪಾಯಿತು.

ಕೊರತೆಗಳೂ ಇವೆ. 1,500 ರೂಪಾಯಿ ತಗೊಂಡರು, ಅದೂ ಮೊದಲೇ ಹೇಳಲಿಲ್ಲ. ಆರಕ್ಕೆ ಬನ್ನಿ ಅಂದು ಏಳೂಕಾಲಿಗೆ ಒಳಗೆ ಕರೆದರು, ತಡ ಆಗುತ್ತೆ ಅಂತ ಒಂದು ಫೋನ್ ಮಾಡಬಹುದಿತ್ತು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಮೊದಲ ನಾಲ್ಕು ದಿನ ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನುತ್ತಿತ್ತು, ಹೀಗಾಗಬಹುದು ಅಂತ ಮುಂಚೆಯೇ ಎಚ್ಚರಿಸಿದ್ದರು, ಆಮೇಲೆ ಹೋಯಿತು. ಕಚ್ಚುವಾಗ ಎತ್ತರ ಅನಿಸಿದ್ದಕ್ಕೆ ಮಾರನೇ ದಿನ ಹೋದೆ, ನೀಲಿ ಕಾಗದ ಕಚ್ಚಿಸಿ ಒಂದು ಚೂರು ಉಜ್ಜಿದರು, ದುಡ್ಡು ತಗೊಳ್ಳಲಿಲ್ಲ.

ಎಲ್ಲ ಹಲ್ಲಿಗೂ ಇದೇ ಹಾಕಲ್ಲ ಅನ್ನೋದೂ ನನಗೆ ಹಿಡಿಸಿತು. ಅತ್ತೆಯ ಹಲ್ಲಿನ ತೂತು ವಸಡಿನ ಕೆಳಗೆ ಇಳಿದಿತ್ತು, ಅಲ್ಲಿ ಒಣಗಿಸೋದೇ ಕಷ್ಟ. ಅದಕ್ಕೆ ಲೈಟ್ ಫಿಲ್ಲಿಂಗ್ ಬೇಡ ಅಂತ ಗ್ಲಾಸ್ ಅಯೊನೋಮರ್ ಅನ್ನೋ ಬೇರೆ ಥರದ ಫಿಲ್ಲಿಂಗ್ ಹಾಕಿ ಕಮ್ಮಿ ದುಡ್ಡು ತಗೊಂಡರು.

ನೀವು ಹೋಗೋದು ಬೇರೆ ಯಾವ ಕ್ಲಿನಿಕ್ಕೇ ಆಗಲಿ, ಎಷ್ಟು ಪದರ ಹಾಕುತ್ತೀರಿ, ಒಂದೊಂದಕ್ಕೂ ಎಷ್ಟು ಸೆಕೆಂಡ್ ಲೈಟ್ ಅಂತ ಸುಮ್ನೆ ಕೇಳಿ. ನಮ್ಮ ಮೇಡಂ ಹತ್ತಿರ ಹೋಗೋದಾದರೆ ಸಂಜೆ ಬೇಡ. ಬೆಳಗ್ಗೆ ಹತ್ತಕ್ಕೆ ಹೋದರೆ ಕುರ್ಚಿ ಖಾಲಿ ಇರುತ್ತೆ, ಅವರಿಗೂ ಅವಸರ ಇರಲ್ಲ.