ಮೂರು ಮೂಲೆಮಟ್ಟ, ಒಂದು ಮಳೆಗಾಲ

ಹಲಸಿನ ಡ್ರಾಯರ್ ಅರ್ಧಕ್ಕೇ ಸಿಕ್ಕಿಬಿತ್ತು. ಮೂಲೆಯಿಂದ ಮೂಲೆಗೆ ಅಳೆದೆ. ಮೂಲೆಗಳು ಸರಿಯಿದ್ದರೆ ಎರಡು ಕರ್ಣ ಸಮ ಇರಬೇಕು, ಇಲ್ಲಿ 2 ಮಿ.ಮೀ. ವ್ಯತ್ಯಾಸ! ಗೆರೆ ಎಳೆದದ್ದೆಲ್ಲ ಮೂಲೆಮಟ್ಟ (90 ಡಿಗ್ರಿ ಮೂಲೆ ನೋಡುವ L ಆಕಾರದ ಸಲಕರಣೆ) ಇಟ್ಟೇ. ಅಂದರೆ ಮಟ್ಟವೇ ಸುಳ್ಳು ಹೇಳಿತ್ತು.

ನಮ್ಮೂರ ಹಳೇ ಆಚಾರಿಯೊಬ್ಬರು ಮಟ್ಟ ಕೈಗೆತ್ತಿಕೊಂಡ ಕೂಡಲೇ ಮಗುಚಿ ನೋಡುತ್ತಿದ್ದರು. ಅದು ಸುಮ್ನೆ ಅಭ್ಯಾಸ ಅಂದುಕೊಂಡಿದ್ದೆ. ಈಗ ಉಡುಪಿಯ ನನ್ನ ಶೆಡ್ಡಿನಲ್ಲಿ ನಾನೂ ಅದನ್ನೇ ಮಾಡುತ್ತೇನೆ. ಪ್ಲೈವುಡ್‌ನ ನೇರ ಅಂಚಿಗೆ ಮಟ್ಟ ಒತ್ತಿ ಚೂಪಾದ ಚಾಕುವಿನಿಂದ ಗೆರೆ ಎಳೆಯುವುದು. ಮಟ್ಟ ಮಗುಚಿ, ಅದೇ ಬುಡದಿಂದ ಇನ್ನೊಂದು ಗೆರೆ. ತುದಿಯಲ್ಲಿ ಕಾಣುವ ಅಂತರದ ಅರ್ಧದಷ್ಟು ಮಟ್ಟದ ತಪ್ಪು. ಪೆನ್ಸಿಲ್ ಬೇಡ, ಅದರ ಗೆರೆಯೇ ಅರ್ಧ ಮಿ.ಮೀ. ದಪ್ಪ ಇರುತ್ತದೆ. ನನ್ನಲ್ಲಿರುವ ಮೂರು ಮಟ್ಟಗಳನ್ನೂ ಹೀಗೇ ನೋಡಿದೆ.

ಮರದ ಹಿಡಿಗೆ ಉಕ್ಕಿನ ಪಟ್ಟಿ ಕೂರಿಸಿದ ಟ್ರೈ ಸ್ಕ್ವೇರ್ ನೋಡಲು ಚಂದ, ಕೈಗೂ ಹಿತ. ಆದರೆ 200 ಮಿ.ಮೀ.ಗೆ 1 ಮಿ.ಮೀ. ಅಂತರ ತೋರಿಸಿತು. ಡ್ರಾಯರ್ ಕೆಡಿಸಿದ್ದು ಇದೇ. ಬೇಸಿಗೆಯಲ್ಲಿ ಇಷ್ಟಿರಲಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಾಗಿಲೇ ಉಬ್ಬಿ ಹಿಡಿದುಕೊಳ್ಳುವಾಗ ಈ ಹಿಡಿ ಸುಮ್ಮನಿರುತ್ತದಾ?

ಕಾಂಬಿನೇಷನ್ ಸ್ಕ್ವೇರ್, ಅಂದರೆ ಸ್ಟೀಲ್ ಸ್ಕೇಲಿನ ಜಾಡಿನಲ್ಲಿ ಜಾರುವ ತಲೆಯಿರುವ ಮಟ್ಟ; ಅದರ ಮೇಲೆ ನನಗೆ ಆಸೆ ಜಾಸ್ತಿ ಇತ್ತು. 45 ಡಿಗ್ರಿಯೂ ಸಿಗುತ್ತದೆ, ತೂತಿನ ಆಳವೂ ಅಳೆಯಬಹುದು, ಅಂಚಿಗೆ ಸಮಾಂತರ ಗೆರೆಯೂ ಬರುತ್ತದೆ. ನಾನು ತಂದದ್ದು ಅಗ್ಗದ್ದು. ಸ್ಕ್ರೂ ಬಿಗಿ ಮಾಡುವಾಗಲೇ ತಲೆ ತುಸು ವಾಲುತ್ತದೆ. ಜಾಡಿನಲ್ಲಿ ಮರದ ಹುಡಿ ಕೂತರೆ ಮತ್ತೂ ಕಷ್ಟ. ದುಡ್ಡಿದ್ದರೆ ಒಳ್ಳೆಯದೇ ತಗೊಳ್ಳಿ, ಇಲ್ಲದಿದ್ದರೆ ಬೇಡ.

ಗೆದ್ದದ್ದು ಆರಿಂಚಿನ ಎಂಜಿನಿಯರ್ಸ್ ಸ್ಕ್ವೇರ್. ಪೂರ್ತಿ ಉಕ್ಕು, ಅಲುಗಾಡುವ ಭಾಗವೇ ಇಲ್ಲ. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಒಂದೇ ತಲೆನೋವು, ಇಲ್ಲಿನ ಉಪ್ಪುಗಾಳಿಗೆ ವಾರದಲ್ಲೇ ತುಕ್ಕಿನ ಚುಕ್ಕೆ. ಹೊಲಿಗೆ ಯಂತ್ರದ ಎಣ್ಣೆ ಒರೆಸಿ ಇಟ್ಟರೆ ಸಾಕು. ತೆಂಗಿನೆಣ್ಣೆ ಹಚ್ಚಿ ನೋಡಿದೆ, ಅಂಟಂಟಾಗಿ ಹುಡಿಯನ್ನೆಲ್ಲ ಹಿಡಿದುಕೊಂಡಿತು.

ಅಳತೆ ಟೇಪಿನ ವಿಷಯ ಚಿಕ್ಕದು. ತುದಿಯ ಕೊಕ್ಕೆ ಅಲುಗಾಡುವುದು ದೋಷವಲ್ಲ, ಒಳಗಿನ ಮತ್ತು ಹೊರಗಿನ ಅಳತೆ ಎರಡೂ ಸರಿ ಬರಲಿ ಎಂದು ಕೊಕ್ಕೆಯ ದಪ್ಪದಷ್ಟೇ ಸಡಿಲ ಬಿಟ್ಟಿರುತ್ತಾರೆ. ಎರಡನೇ ದರ್ಜೆಯ ಟೇಪು 1 ಮೀಟರಿಗೆ ಅರ್ಧ ಮಿ.ಮೀ. ತಪ್ಪಬಹುದು, ಮೊದಲ ದರ್ಜೆಯದು 0.2 ಮಿ.ಮೀ. ಯಾವುದೇ ಇರಲಿ, ಒಂದು ಕೆಲಸಕ್ಕೆ ಒಂದೇ ಟೇಪು ಹಿಡಿಯಿರಿ. ಡ್ರಾಯರಿಗಾದರೆ ಸ್ಟೀಲ್ ಸ್ಕೇಲೇ ವಾಸಿ.

ಮರದ ಹಿಡಿಯದನ್ನು ಎಸೆದಿಲ್ಲ. ಬೇಲಿಯ ರೀಪು ಕೊಯ್ಯಲು ಅಷ್ಟು ಮಟ್ಟ ಸಾಕಲ್ವಾ.